ಮೋರ್ಯರ ಮನೆಗಳು ಮತ್ತು ಕಾಲದ ಗಡಿಯಾರ

ಕೃಷ್ಣಾ ಮಲಪ್ರಭಾ ನದಿಗಳು ಕೂಡುವ ಕೂಡಲಸಂಗಮಕ್ಕೆ ಹೋದವರು ಬಸವಣ್ಣನವರ ಐಕ್ಯಸ್ಥಳವನ್ನು ಕಾಣದೆ ಹಿಂದಿರುಗುವುದಿಲ್ಲ. ಕೆಳಗೆ ನಾರಾಯಣಪುರದಲ್ಲಿ ಕೃಷ್ಣೆಗೆ ಅಣೆಕಟ್ಟು ಕಟ್ಟಿದ ಮೇಲೆ ಅದರ ಹಿನ್ನೀರು ಸಂಗಮದವರೆಗೂ ಹಬ್ಬಿತು. ಐಕ್ಯಮಂಟಪವು ಮುಳುಗಿಹೋಗಬಾರದೆಂದು ಅದರ ಸುತ್ತ ಬಾವಿಯ ಆಕಾರದ ಎತ್ತರವಾದ ಗೋಡೆಯನ್ನು ಕಟ್ಟಿ, ದಡದಿಂದ ಅಲ್ಲಿಗೆ ಸೇತುವೆಯನ್ನು ಹಾಕಿರುವರು. ಭಕ್ತರು ಸೇತುವೆಯ ಮೇಲೆ ನಡೆದು, ಮೆಟ್ಟಿಲುಗಳನ್ನಿಳಿದು ಮಂಟಪವನ್ನು ತಲುಪುತ್ತಾರೆ. ನೀರು ತುಂಬಿದ ಕಾಲದಲ್ಲಿ ಅದು ಒಂದು ಪುಟ್ಟ ದ್ವೀಪದಂತೆ ಕಾಣುವುದು. ಹನ್ನೆರಡನೆಯ ಶತಮಾನದ ಮಹಾಪುರುಷರೊಬ್ಬರ ನೆನಪನ್ನು ಇಪ್ಪತ್ತನೆಯ ಶತಮಾನದ ಜನರು ಇಷ್ಟು ಶ್ರಮಪಟ್ಟು ಉಳಿಸಿಕೊಂಡರು.

ಅಗಲಿದ ಹಿರಿಯರ ನೆಲೆಯನ್ನು ಕಲ್ಲಿನಿಂದ ಕಾಪಾಡಬೇಕೆಂಬ ಬಯಕೆ ಮನುಷ್ಯನಿಗೆ ಬಹು ಹಳೆಯದು. ಮಾಲ್ಟಾ ದ್ವೀಪದಲ್ಲಿ ೧೯೦೨ರಲ್ಲಿ ಬೆಳಕಿಗೆ ಬಂದ, ಬಂಡೆಯನ್ನು ಕೊರೆದು ಮಾಡಿದ ನೆಲಮಾಳಿಗೆಯೊಂದರಲ್ಲಿ ಸುಮಾರು ೭,೦೦೦ ಮಂದಿಯ ಅಸ್ಥಿಗಳಿದ್ದುವೆಂದು ಅಂದಾಜು ಮಾಡಿರುವರು. ಐರ್ಲೆಂಡಿನಲ್ಲಿಯೂ ಸ್ಕಾಟ್ಲೆಂಡಿನ ಉತ್ತರಕ್ಕಿರುವ ಆರ್ಕ್ನಿ ದ್ವೀಪಗಳಲ್ಲಿಯೂ ಸುಮಾರು ೫,೦೦೦ ವರ್ಷಗಳ ಹಿಂದಿನ ಬೇಸಾಯಗಾರರು ಕಟ್ಟಿದ ಕಲ್ಲಿನ ಸಮಾಧಿಗೃಹಗಳು ಇಂದಿಗೂ ನಿಂತಿವೆ. ಇವನ್ನು ನೋಡಲು ದೇಶವಿದೇಶಗಳ ಜನ ಹೋಗುತ್ತಾರೆ. ಅದೇ ಬಗೆಯ ಕೃತಿಗಳು ನಮ್ಮ ಕಾಲ ಬುಡದಲ್ಲಿಯೇ ಇವೆ ಎಂಬುದನ್ನು ಮಾತ್ರ ನಮ್ಮಲ್ಲಿ ಅನೇಕರು ಅರಿಯರು.

ಮಲಪ್ರಭೆಯ ದಂಡೆಯನ್ನು ಹಿಡಿದು ಸಂಗಮದಿಂದ ಮೇಲಕ್ಕೆ ನಡೆದರೆ ಐಹೊಳೆ ಸಿಗುವುದು. ಅಲ್ಲಿನ ಮೇಗುಟಿ ಗುಡ್ಡದ ಮೇಲೆ ರವಿಕೀರ್ತಿಯು ಕ್ರಿ. ಶ. ೬೩೪ರಲ್ಲಿ ಕಟ್ಟಿಸಿದ ಜಿನಾಲಯವಿದೆ. ಇಮ್ಮಡಿ ಪುಲಕೇಶಿಯ ಶಾಸನವನ್ನು ಓದಲು ಬಂದ ವಿದ್ಯಾರ್ಥಿಗಳು ಸಾಮಾನ್ಯವಾಗಿ ಅಲ್ಲಿಂದಲೇ ಇಳಿದುಬಿಡುತ್ತಾರೆ. ಗುಡಿಯ ಹಿಂದಕ್ಕೆ ಸ್ವಲ್ಪ ದೂರ ಹೋದರೆ, ಮೂರು ಕಡೆ ಚಪ್ಪಡಿಗಳನ್ನು ನಿಲ್ಲಿಸಿ ಮೇಲೊಂದು ಹಾಸುಗಲ್ಲನ್ನು ಹೊದಿಸಿದ ಪುಟ್ಟ ಮನೆಗಳು ಕಾಣಿಸುವುವು. ಪಟ್ಟದಕಲ್ಲಿನ ಬಳಿಯ ಬಾಚಿನಗುಡ್ಡದಲ್ಲಿಯೂ ಇಂಥವಿವೆ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಗುಡ್ಡದಲ್ಲಂತೂ ಸುಮಾರು ೪೦೦ ಶಿಲಾರಚನೆಗಳಿದ್ದು, ಯುನೆಸ್ಕೋ ಸಂಸ್ಥೆಯ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಗೆ ೨೦೨೧ರಲ್ಲಿ ಅದು ಸೇರಿತು. ಉತ್ತರ ಕರ್ನಾಟಕದ ಜನ ಇವನ್ನು 'ಮೋರ್ಯರ ಮನೆ'ಗಳೆಂದು ಕರೆಯುತ್ತಾರೆ. ಮೋರ್ಯರೆಂಬ ಕುಳ್ಳ ಜನ ಇವುಗಳಲ್ಲಿ ವಾಸವಾಗಿದ್ದರೆಂಬುದು ಹಳ್ಳಿಗರ ಕಥೆ. ವಿದ್ವಾಂಸರು ಇವನ್ನು ಬೃಹತ್ ಶಿಲಾಸಂಸ್ಕೃತಿಯ ಕಲ್ಮನೆಗಳೆನ್ನುವರು. ಇವು ಬಾಳಿದವರ ಮನೆಗಳಲ್ಲ, ಮಡಿದವರಿಗಾಗಿ ಎತ್ತಿದವು.

ಇವು ಎಷ್ಟು ಹಳೆಯವು? ಈ ಪ್ರಶ್ನೆಗೆ ಉತ್ತರ ಹೇಳುವುದರಲ್ಲಿ ಭೌತವಿಜ್ಞಾನದ ಪಾಲು ದೊಡ್ಡದು. ಆ ಉತ್ತರವು ಎಷ್ಟು ಸುಲಭವಾಗಿ ಅಳಿಸಿಹೋಗಬಲ್ಲುದೆಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಚಪ್ಪಡಿಯ ಲೆಕ್ಕ

ಮೊದಲು ಕಲ್ಲನ್ನೇ ನೋಡೋಣ. ಬಾದಾಮಿ, ಐಹೊಳೆಗಳ ಗುಡ್ಡಗಳು ಮರಳುಗಲ್ಲಿನವು. ಪೂರ್ವದಲ್ಲಿ ಮರಳು ಪದರಪದರವಾಗಿ ಶೇಖರವಾಗಿ ಗಟ್ಟಿಗೊಂಡು ಈ ಕಲ್ಲು ಆಯಿತು. ಆದುದರಿಂದ ಪದರಗಳ ಸಂದಿನಲ್ಲಿ ಬೆಣೆ ಹೊಡೆದರೆ ಅದು ಹಲಗೆಯಂತೆ ಬಿಟ್ಟುಕೊಳ್ಳುವುದು. ಕಲ್ಮನೆ ಕಟ್ಟುವವರಿಗೆ ಪ್ರಕೃತಿಯೇ ಅರ್ಧ ಕೆಲಸವನ್ನು ಮಾಡಿಕೊಟ್ಟಿದ್ದಿತು.

ಉಳಿದರ್ಧವು ಸುಲಭವಾಗಿರಲಿಲ್ಲ. ಮೂರು ಮೀಟರ್ ಉದ್ದ, ಎರಡು ಮೀಟರ್ ಅಗಲ, ಕಾಲು ಮೀಟರ್ ದಪ್ಪದ ಒಂದು ಚಪ್ಪಡಿಯನ್ನು ಊಹಿಸಿಕೊಳ್ಳಿ. ಅದರ ಗಾತ್ರ ಒಂದೂವರೆ ಘನಮೀಟರ್. ಮರಳುಗಲ್ಲಿನ ಸಾಂದ್ರತೆ ನೀರಿನ ೨.೪ರಷ್ಟೆಂದು ಇಟ್ಟುಕೊಂಡರೆ ತೂಕ ೩.೬ ಟನ್ ಆಗುವುದು. ನೆಲದ ಮೇಲೆ ಎಳೆಯುವಾಗ ಘರ್ಷಣೆಯು ತೂಕದ ಅರ್ಧದಷ್ಟಿದ್ದರೆ ೧.೮ ಟನ್ನಿನ ಎಳೆತ ಬೇಕು. ಒಬ್ಬ ಆಳು ಎಡೆಬಿಡದೆ ಮೂವತ್ತು ಕಿಲೋಗ್ರಾಂ ಬಲದಿಂದ ಎಳೆಯಬಲ್ಲನೆಂದರೆ ಅರವತ್ತು ಜನ ಹಗ್ಗಕ್ಕೆ ಕೈಹಚ್ಚಬೇಕು. ಅದರ ಒಂದು ಅಂಚನ್ನು ಎತ್ತುವುದಕ್ಕೆ ಮಾತ್ರ ಆರು ಆಳುಗಳು ಸಾಕು. ಆದರೆ ಅವರ ಕೈಯಲ್ಲಿ ತೋಳುಗಳ ಉದ್ದ ಒಂದಕ್ಕೆ ಹತ್ತರಂತಿರುವ ಸನ್ನೆಗೋಲಿರಬೇಕು. ಈ ಲೆಕ್ಕದಿಂದ ಒಂದು ಸಂಗತಿ ಸ್ಪಷ್ಟವಾಗುವುದು. ಕಲ್ಮನೆಯನ್ನು ಒಂದು ಕುಟುಂಬ ಕಟ್ಟಲಿಲ್ಲ. ಅರವತ್ತು ಮಂದಿಯನ್ನು ಒಂದೆಡೆ ಕೂಡಿಸಿ, ಅವರಿಗೆ ಉಣಬಡಿಸಿ, ಒಬ್ಬನ ಮಾತಿನಂತೆ ದುಡಿಸಬಲ್ಲ ಸಮಾಜವೊಂದು ಅಲ್ಲಿದ್ದಿತು.

ಅವರ ಜಾಣ್ಮೆಗೆ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಇನ್ನೊಂದು ನಿದರ್ಶನ ದೊರೆತಿದೆ. ಅಲ್ಲಿ ನೆಲದೊಳಗೆ ಹುಗಿದ ಕಲ್ಲಿನ ಕೋಣೆಗಳ ನಾಲ್ಕು ಗೋಡೆಗಳನ್ನು ಸ್ವಸ್ತಿಕದ ಆಕಾರದಲ್ಲಿ ಜೋಡಿಸಿರುವರು. ಪ್ರತಿಯೊಂದು ಚಪ್ಪಡಿಯ ಒಂದು ತುದಿಯೂ ಮುಂದಿನ ಚಪ್ಪಡಿಯನ್ನು ದಾಟಿ ಹೊರಕ್ಕೆ ಚಾಚಿಕೊಂಡಿರುವುದು. ಹೊರಗಿನ ಮಣ್ಣು ಒಳಕ್ಕೆ ಒತ್ತಿದಷ್ಟೂ ಚಪ್ಪಡಿಗಳು ಒಂದಕ್ಕೊಂದು ಆತುಕೊಂಡು ಬಿಗಿಯಾಗುವುವೇ ಹೊರತು ಕುಸಿಯುವುದಿಲ್ಲ. ಕೋಣೆಗಳೊಳಗೆ ಒಂದಕ್ಕಿಂತ ಹೆಚ್ಚು ಮಂದಿಯ ಬಿಡಿ ಎಲುಬುಗಳು, ಕಬ್ಬಿಣದ ಆಯುಧಗಳು, ಮಣಿಗಳು, ಒಳಗೆ ಕಪ್ಪು ಹೊರಗೆ ಕೆಂಪಾದ ಮಡಕೆಗಳು ಸಿಕ್ಕಿದುವು. ಶವವನ್ನು ಮೊದಲು ಬೇರೆಡೆ ಇರಿಸಿ, ಮಾಂಸವು ಕಳೆದ ಮೇಲೆ ಎಲುಬುಗಳನ್ನಾಯ್ದು ತಂದಿಡುವ ಸಂಸ್ಕಾರವು ಅವರಲ್ಲಿದ್ದಿತೆಂದು ಇದರಿಂದ ತಿಳಿಯುವುದು.

ಬಾಗಿಲು ಯಾವ ದಿಕ್ಕಿಗೆ?

ಕೆಲವು ಕಲ್ಮನೆಗಳ ಗೋಡೆಯಲ್ಲಿ ದುಂಡಾದ ಕಿಂಡಿಯಿರುವುದು. ಅದು ಸೂರ್ಯನನ್ನು ನೋಡುವುದೆ? ಐರ್ಲೆಂಡಿನ ನ್ಯೂಗ್ರೇಂಜ್ ಸಮಾಧಿಯಲ್ಲಿ ಡಿಸೆಂಬರ್ ತಿಂಗಳ ಅಯನಸಂಕ್ರಾಂತಿಯ ಸುಮಾರಿಗೆ ಉದಯಸೂರ್ಯನ ಕಿರಣವು ನೀಳವಾದ ಓಣಿಯನ್ನು ಹಾದು ಗರ್ಭಕೋಣೆಯನ್ನು ಬೆಳಗುವುದು. ಆರ್ಕ್ನಿಯ ಮೇಸ್‌ಹೌದಲ್ಲಿ ಅದೇ ಕಾಲದ ಅಸ್ತಸೂರ್ಯನು ಹೀಗೆಯೇ ಒಳಹೊಗುವನು.

ನಮ್ಮಲ್ಲಿ ಈ ಪರೀಕ್ಷೆ ಇನ್ನೂ ಕಠಿನವಾದುದು. ಆರ್ಕ್ನಿಯ ಅಕ್ಷಾಂಶದಲ್ಲಿ ಸೂರ್ಯೋದಯದ ಬಿಂದುವು ವರ್ಷದಲ್ಲಿ ಪೂರ್ವದಿಂದ ಉತ್ತರಕ್ಕೂ ದಕ್ಷಿಣಕ್ಕೂ ಸುಮಾರು ೫೦ ಡಿಗ್ರಿಗಳಷ್ಟು ಸರಿಯುವುದು. ಕೂಡಲಸಂಗಮದ ಅಕ್ಷಾಂಶದಲ್ಲಿ ಸುಮಾರು ೨೪.೫ ಡಿಗ್ರಿ ಮಾತ್ರ. ಹೀಗಾಗಿ ಸ್ಥೂಲವಾಗಿ ಪೂರ್ವಕ್ಕೆ ಮುಖಮಾಡಿದ ಯಾವ ಕಿಂಡಿಯೊಳಗಾದರೂ ವರ್ಷದ ಯಾವುದೋ ಒಂದು ದಿನ ಬಿಸಿಲು ಬಿದ್ದೇ ಬೀಳುವುದು. ಅದನ್ನು ಕಂಡು ಬೆರಗಾಗಿ 'ಇದು ವೇಧಶಾಲೆ' ಎಂದು ಸಾರಿದರೆ ವಿಜ್ಞಾನವಾಗದು. ಒಂದೇ ಬಗೆಯ ಅನೇಕ ರಚನೆಗಳನ್ನು ಅಳೆದು, ಅವೆಲ್ಲವೂ ಒಂದೇ ದಿಕ್ಕನ್ನು ತೋರಿದರೆ ಮಾತ್ರ ಸಂಶಯ ಕಡಮೆಯಾಗುವುದು. ಯಾದಗಿರಿ ಜಿಲ್ಲೆಯ ವಿಭೂತಿಹಳ್ಳಿಯಲ್ಲಿ ಸಾಲುಸಾಲಾಗಿ ನೆಲದಲ್ಲಿ ಇರಿಸಿದ ಗುಂಡುಗಳು ಅಯನಸಂಕ್ರಾಂತಿಯ ಸೂರ್ಯನ ದಿಕ್ಕುಗಳಿಗೆ ಹೊಂದುವುವೆಂದು ಕೆಲವು ಖಗೋಳಜ್ಞರು ಸೂಚಿಸಿರುವುದು ಇಂಥ ಅಳತೆಗಳ ಆಧಾರದ ಮೇಲೆಯೇ.

ಊಹೆಯನ್ನು ತಿದ್ದಿದ ಇದ್ದಿಲು

ಈಗ ಕಾಲಗಣನೆಗೆ ಬರೋಣ. ೧೯೪೭ರಲ್ಲಿ ಬ್ರಹ್ಮಗಿರಿಯನ್ನು ಅಗೆಸಿದವರು ಮಾರ್ಟಿಮರ್ ವ್ಹೀಲರ್. ಅವರು ಎರಡು ವರ್ಷ ಮೊದಲು ಪುದುಚೇರಿಯ ಬಳಿಯ ಅರಿಕಮೇಡಿನಲ್ಲಿ ರೋಮನ್ ವ್ಯಾಪಾರದ ಕಾಲದ ಮಡಕೆಗಳನ್ನು ಕಂಡಿದ್ದರು. ಬ್ರಹ್ಮಗಿರಿಯ ಮೇಲ್ಪದರದಲ್ಲಿ ಸಿಕ್ಕಿದ ಅದೇ ಬಗೆಯ ಚೂರುಗಳಿಂದ ಹಿಂದಕ್ಕೆ ಎಣಿಸುತ್ತ ಹೋಗಿ, ಕಲ್ಗೋರಿಗಳ ಸಂಸ್ಕೃತಿಯು ಸುಮಾರು ಕ್ರಿ. ಪೂ. ೨೦೦ರಲ್ಲಿ ಆರಂಭವಾಯಿತೆಂದು ನಿರ್ಣಯಿಸಿದರು. ಆಗ ಬೇರೆ ಅಳತೆಗೋಲು ಇರಲಿಲ್ಲ.

ಎರಡೇ ವರ್ಷಗಳಲ್ಲಿ ಹೊಸ ಅಳತೆಗೋಲು ದೊರೆಯಿತು. ವಿಲ್ಲರ್ಡ್ ಲಿಬ್ಬಿ ಎಂಬ ರಸಾಯನವಿಜ್ಞಾನಿಯು ಸಹೋದ್ಯೋಗಿಗಳೊಡನೆ ೧೯೪೯ರಲ್ಲಿ ವಿಕಿರಣ ಇಂಗಾಲದ ವಿಧಾನವನ್ನು ಪ್ರಕಟಿಸಿದನು. ಇದಕ್ಕಾಗಿ ೧೯೬೦ರ ನೊಬೆಲ್ ಪಾರಿತೋಷಕವು ಅವನಿಗೆ ಸಂದಿತು. ವಿಶ್ವಕಿರಣಗಳ ಹೊಡೆತದಿಂದ ವಾಯುಮಂಡಲದ ಸಾರಜನಕದಿಂದ ಇಂಗಾಲ-೧೪ ಎಂಬ ವಿಕಿರಣಶೀಲ ಇಂಗಾಲವು ಹುಟ್ಟುತ್ತಲೇ ಇರುವುದು. ಗಿಡಮರಗಳು ಇದನ್ನು ಗಾಳಿಯಿಂದಲೂ, ಪ್ರಾಣಿಗಳು ಆಹಾರದಿಂದಲೂ ಪಡೆಯುತ್ತವೆ. ಜೀವ ಹೋದ ಕೂಡಲೇ ಸರಬರಾಜು ನಿಲ್ಲುವುದು. ಇದ್ದುದು ೫,೭೩೦ ವರ್ಷಗಳಿಗೊಮ್ಮೆ ಅರ್ಧಕ್ಕಿಳಿಯುವುದು. ಆಗತಾನೆ ಕಡಿದ ಕಟ್ಟಿಗೆಯ ಒಂದು ಗ್ರಾಂ ಇಂಗಾಲದಲ್ಲಿ ನಿಮಿಷಕ್ಕೆ ಹದಿಮೂರೋ ಹದಿನಾಲ್ಕೋ ಪರಮಾಣುಗಳು ಕ್ಷಯಿಸುತ್ತವೆ. ೨,೯೦೦ ವರ್ಷಗಳ ಹಿಂದಿನ ಇದ್ದಿಲಿನಲ್ಲಿ ಈ ಸಂಖ್ಯೆ ಒಂಬತ್ತು ಹತ್ತಕ್ಕೆ ಇಳಿದಿರುವುದು. ವಿಶ್ವಕಿರಣಗಳ ಏರಿಳಿತದಿಂದಾಗುವ ದೋಷವನ್ನು ಮರದ ವಾರ್ಷಿಕ ಉಂಗುರಗಳ ಸಹಾಯದಿಂದ ತಿದ್ದಿಕೊಳ್ಳುವರು.

ಈ ಅಳತೆಗೋಲು ಹಾವೇರಿ ಜಿಲ್ಲೆಯ ಹಳ್ಳೂರಿಗೆ ಬಂದಿತು. ತುಂಗಭದ್ರೆಯ ದಂಡೆಯ ಆ ಊರಿನಲ್ಲಿ ಎಂ. ಎಸ್. ನಾಗರಾಜರಾವ್ ಅವರು ೧೯೬೪-೬೫ರಲ್ಲಿ ಉತ್ಖನನ ನಡೆಸಿದರು. ನವಶಿಲಾಯುಗವು ಮುಗಿದು ಕಬ್ಬಿಣವು ಕಾಣಿಸಿಕೊಳ್ಳುವ ಪದರದ ಇದ್ದಿಲನ್ನು ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ಅಳೆದಾಗ ದೊರೆತ ಕಾಲ ಸುಮಾರು ಕ್ರಿ. ಪೂ. ೧೦೦೦! ವ್ಹೀಲರರ ಲೆಕ್ಕಕ್ಕಿಂತ ಎಂಟುನೂರು ವರ್ಷ ಹಿಂದೆ. ಮೋರ್ಯರ ಮನೆಗಳ ಪರಂಪರೆಗೂ ಮಗಧದ ಮೌರ್ಯ ಅರಸರಿಗೂ ಸಂಬಂಧ ಕಲ್ಪಿಸುವವರಿಗೆ ಇದು ಉತ್ತರ. ಅಶೋಕನ ಶಾಸನ ಬ್ರಹ್ಮಗಿರಿಯನ್ನು ತಲುಪುವ ಶತಮಾನಗಳ ಮೊದಲೇ ಕನ್ನಡನಾಡಿನ ಕುಲುಮೆಗಳಲ್ಲಿ ಕಬ್ಬಿಣ ಕಾಯುತ್ತಿದ್ದಿತು. ಒಂದು ಹಿಡಿ ಇದ್ದಿಲು ನಾಡಿನ ಚರಿತ್ರೆಯ ಎಂಟು ಶತಮಾನಗಳನ್ನು ಮರಳಿಸಿಕೊಟ್ಟಿತು.

ಬಿಸಿಲು ಕಾಣದ ಮಣ್ಣು

ಆದರೆ ಐಹೊಳೆಯಂಥ ಕಡೆ ಒಂದು ತೊಡಕಿದೆ. ಇಲ್ಲಿನ ಕಲ್ಮನೆಗಳು ನೆಲದ ಮೇಲೆಯೇ ತೆರೆದು ನಿಂತವು. ಮಳೆಗಾಳಿಗೆ ಸಿಕ್ಕಿದ ಎಲುಬಾಗಲಿ ಇದ್ದಿಲಾಗಲಿ ಅಲ್ಲಿ ಉಳಿಯುವುದು ಅಪರೂಪ. ಕಲ್ಲಿನಲ್ಲಿಯಾದರೋ ಒಮ್ಮೆ ಬದುಕಿದ್ದ ಇಂಗಾಲವೇ ಇಲ್ಲ. ಹಾಗಾದರೆ ಗಡಿಯಾರವೆಲ್ಲಿ?

ಅದು ಮಣ್ಣಿನಲ್ಲಿದೆ. ಮಣ್ಣಿನಲ್ಲಿರುವ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂಗಳ ವಿಕಿರಣವು ಅದರೊಳಗಿನ ಬೆಣಚುಕಲ್ಲಿನ ಹರಳುಗಳಿಗೆ ಸದಾ ತಾಗುತ್ತಿರುವುದು. ಅದರಿಂದ ಸಡಿಲವಾದ ಎಲೆಕ್ಟ್ರಾನುಗಳಲ್ಲಿ ಕೆಲವು ಹರಳಿನ ದೋಷಸ್ಥಾನಗಳಲ್ಲಿ ಸಿಕ್ಕಿಬೀಳುತ್ತವೆ. ಹೊಲದ ಗುಳಿಯಲ್ಲಿ ಹನಿಹನಿಯಾಗಿ ನೀರು ನಿಲ್ಲುವಂತೆ ಇವು ವರ್ಷವರ್ಷವೂ ಶೇಖರವಾಗುವುವು. ಕುಂಬಾರನ ಆವಿಗೆಯ ಬೆಂಕಿ ಈ ಗುಳಿಯನ್ನು ಬರಿದುಮಾಡುವುದು. ಆ ಕ್ಷಣದಿಂದ ಹೊಸ ಎಣಿಕೆ ಆರಂಭ. ಸಾವಿರಾರು ವರ್ಷಗಳ ಮೇಲೆ ಪ್ರಯೋಗಶಾಲೆಯಲ್ಲಿ ಮಡಕೆಚೂರನ್ನು ಮತ್ತೆ ಕಾಯಿಸಿದಾಗ ಎಲೆಕ್ಟ್ರಾನುಗಳು ಬಿಡುಗಡೆ ಹೊಂದಿ ಮಸುಕಾದ ಬೆಳಕನ್ನು ಚೆಲ್ಲುವುವು. ಬೆಳಕಿನ ಪ್ರಮಾಣದಿಂದ ಚೂರು ಹೀರಿದ ಒಟ್ಟು ವಿಕಿರಣ ತಿಳಿಯುವುದು. ಅದು ೯ ಗ್ರೇ ಇದ್ದು, ವರ್ಷಕ್ಕೆ ತಾಗುವುದು ೩ ಮಿಲಿಗ್ರೇ ಆದರೆ, ಮಡಕೆಯ ವಯಸ್ಸು ೩,೦೦೦ ವರ್ಷ. ದಾವಣಗೆರೆ ಜಿಲ್ಲೆಯ ಕೊಮಾರನಹಳ್ಳಿಯ ಚೂರುಗಳಿಗೆ ಈ ವಿಧಾನದಿಂದ ಸಿಕ್ಕಿದ ಕಾಲವು ಹಳ್ಳೂರಿಗಿಂತಲೂ ಹಿಂದಕ್ಕೆ, ಕ್ರಿ. ಪೂ. ೧೨೦೦ರ ಆಚೆಗೆ ಹೋಗುವುದು.

ಮಣ್ಣಿನ ಕಣಗಳಲ್ಲಿ ಈ ಗುಳಿಯನ್ನು ಬರಿದುಮಾಡಲು ಬೆಂಕಿಯೇ ಬೇಕೆಂದಿಲ್ಲ, ಬಿಸಿಲೂ ಸಾಕು. ಚಪ್ಪಡಿಯನ್ನು ನಿಲ್ಲಿಸಿದ ದಿನ ಅದರ ಬುಡಕ್ಕೆ ಸೇರಿದ ಮಣ್ಣು ಅಂದಿನಿಂದ ಸೂರ್ಯನನ್ನು ಕಂಡಿಲ್ಲ. ಆ ಕತ್ತಲೆಯ ಅವಧಿಯೇ ಕಲ್ಮನೆಯ ವಯಸ್ಸು. ಅದಕ್ಕಾಗಿಯೇ ಸಂಶೋಧಕರು ಆ ಮಣ್ಣನ್ನು ಬೆಳಕು ಹೊಗದ ಕೊಳವೆಗಳಲ್ಲಿ ತೆಗೆದು, ಛಾಯಾಚಿತ್ರದ ಕತ್ತಲೆಕೋಣೆಯಂಥ ಮಂದವಾದ ಕೆಂಬೆಳಕಿನಲ್ಲಿ ಪರೀಕ್ಷಿಸುತ್ತಾರೆ. ಬಿಸಿಲಿಗೆ ಬಿದ್ದ ಬೆಣಚುಕಣದ ದಾಖಲೆಯು ಕೆಲವು ಕ್ಷಣಗಳಿಂದ ಕೆಲವು ನಿಮಿಷಗಳೊಳಗಾಗಿ ಅಳಿಸಿಹೋಗುವುದು.

ನಾವು ಮಾಡಬೇಕಾದುದು

ಈಗ ನಿಧಿಯಾಸೆಯಿಂದ ಹಾರೆ ಹಿಡಿದು ಬರುವವನ ಕೃತ್ಯವನ್ನು ಯೋಚಿಸಿರಿ. ಅವನಿಗೆ ಸಿಗುವುದು ತುಕ್ಕುಹಿಡಿದ ಕಬ್ಬಿಣ, ಒಡೆದ ಮಡಕೆ. ಚಿನ್ನವಿಲ್ಲವೆಂದು ಬೈದು ಹೋಗುತ್ತಾನೆ. ಆದರೆ ಅವನು ಕೆದಕಿದ ಮಣ್ಣಿನಲ್ಲಿ ಬಿಸಿಲು ಕಂಡ ಕಣವೂ ಕಾಣದ ಕಣವೂ ಬೆರೆತುಹೋಗಿ, ಮೂರು ಸಾವಿರ ವರ್ಷ ನಡೆದ ಗಡಿಯಾರವು ಒಂದು ಬೆಳಗಿನಲ್ಲಿ ಕೆಟ್ಟಿರುವುದು. ಒಡೆದ ಚಪ್ಪಡಿಯನ್ನು ಹೇಗಾದರೂ ಜೋಡಿಸಬಹುದು. ಈ ಗಡಿಯಾರಕ್ಕೆ ಮತ್ತೆ ಕೀಲಿ ಕೊಡುವವರಿಲ್ಲ. ಗದ್ದೆಯ ಬದುವಿಗೆ, ದನದ ಕೊಟ್ಟಿಗೆಗೆ ಎಂದು ಕಲ್ಮನೆಯ ಹಾಸುಗಲ್ಲನ್ನು ಒಯ್ಯುವ ಬಡವನೂ ಅರಿಯದೆ ಇದನ್ನೇ ಮಾಡುತ್ತಾನೆ.

ಇದಕ್ಕೆ ಕಾನೂನುಗಳಿವೆ. ಆದರೆ ಪ್ರತಿ ಗುಡ್ಡಕ್ಕೂ ಕಾವಲುಗಾರನನ್ನು ನೇಮಿಸುವುದಾಗದು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿದ್ದ ಅ. ಸುಂದರ ಅವರು ಊರೂರು ಅಲೆದು ಈ ಗೋರಿಗಳ ಬಗೆಗಳನ್ನು ವಿಂಗಡಿಸಿ ೧೯೭೫ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಅಂಥ ಕೆಲಸದ ಒಂದು ಸಣ್ಣ ಪಾಲನ್ನು ವಿದ್ಯಾರ್ಥಿಗಳೂ ಮಾಡಬಲ್ಲರು. ರಜೆಯಲ್ಲಿ ನಿಮ್ಮೂರ ಗುಡ್ಡಕ್ಕೆ ಹೋದಾಗ ಕಲ್ಮನೆಯನ್ನು ಕಂಡರೆ ಅಳತೆಪಟ್ಟಿ, ದಿಕ್ಸೂಚಿ, ಕಾಗದಗಳನ್ನು ಹೊರತೆಗೆಯಿರಿ. ಚಪ್ಪಡಿಗಳ ಉದ್ದಗಲ, ಕಿಂಡಿಯ ದಿಕ್ಕು, ನೆರೆಯ ಕಲ್ಲುಗಳ ದೂರ ಇವನ್ನು ಬರೆದುಕೊಂಡು, ಚಿತ್ರ ತೆಗೆದು, ಪುರಾತತ್ತ್ವ ಇಲಾಖೆಗೆ ತಿಳಿಸಿರಿ. ಒಂದು ಕಲ್ಲನ್ನೂ ಕದಲಿಸಬೇಡಿರಿ. ಬುಡದ ಮಣ್ಣಿಗೆ ಕಡ್ಡಿಯನ್ನೂ ಚುಚ್ಚಬೇಡಿರಿ.

ಸಂಗಮದ ಐಕ್ಯಮಂಟಪಕ್ಕೆ ನೀರು ತಾಗದಂತೆ ನಮ್ಮ ಜನ ಗೋಡೆಯನ್ನು ಕಟ್ಟಿದರು. ಹೆಸರುಳಿಯದ ಆ ಹಳಬರ ಮನೆಗಳಿಗೆ ಬೇಕಾದುದು ಅದಕ್ಕಿಂತ ಸುಲಭವಾದುದು. ಅವುಗಳ ಬುಡದ ಮಣ್ಣು ಕತ್ತಲೆಯಲ್ಲಿಯೇ ಇರಲು ನಾವು ಬಿಟ್ಟರೆ ಸಾಕು.