ಮುಕ್ತಜಗತ್ತಿನ ವಿಡಿಯೋ ಆಟಗಳ ಡೆಮೊ ಮತ್ತು ಕಾಲಮಿತಿಯ ಪ್ರಶ್ನೆ

ಕೊಳ್ಳುವ ಮುನ್ನ ಕಣ್ಣಿನಿಂದ ನೋಡಿ, ಕೈಯಿಂದ ಮುಟ್ಟಿ ಗುಣವನ್ನು ನಿರ್ಣಯಿಸಬಹುದಾದ ಸರಕುಗಳು ಕೆಲವು. ಬಳಸಿದ ಮೇಲಲ್ಲದೆ ಗುಣ ತಿಳಿಯದ ಸರಕುಗಳು ಕೆಲವು. ಅರ್ಥಶಾಸ್ತ್ರದಲ್ಲಿ ಈ ಭೇದವನ್ನು 1970ರಲ್ಲಿ ಸ್ಪಷ್ಟವಾಗಿ ಎತ್ತಿ ತೋರಿಸಿದವರು ಫಿಲಿಪ್ ನೆಲ್ಸನ್. ಎರಡನೆಯ ವರ್ಗದವನ್ನು ನಾವು ಅನುಭವವೇದ್ಯ ಸರಕುಗಳೆಂದು ಕರೆಯಬಹುದು. ಕಾದಂಬರಿ, ಚಲನಚಿತ್ರ, ವಿಡಿಯೋ ಆಟ ಇವೆಲ್ಲ ಈ ವರ್ಗಕ್ಕೆ ಸೇರಿದವು. ಇಂಥ ಸರಕನ್ನು ಮಾರುವವನಿಗೆ ಒಂದು ತೊಡಕುಂಟು. ರುಚಿ ತೋರಿಸದಿದ್ದರೆ ಗಿರಾಕಿ ನಂಬುವುದಿಲ್ಲ. ಅತಿಯಾಗಿ ತೋರಿಸಿದರೆ ಅವನಿಗೆ ಕೊಳ್ಳುವ ಅಗತ್ಯವೇ ಉಳಿಯುವುದಿಲ್ಲ. ಮಾಹಿತಿಯ ಮಾರಾಟವನ್ನು ಕುರಿತು ಕೆನೆತ್ ಆರೋ 1962ರಲ್ಲಿ ಎತ್ತಿದ ಪ್ರಶ್ನೆಯೂ ಇದೇ ಜಾತಿಯದು. ವಿಡಿಯೋ ಆಟಗಳ ಉಚಿತ ಡೆಮೊ ಈ ತೊಡಕಿಗೆ ಆ ಉದ್ಯಮ ಕಂಡುಕೊಂಡ ಉತ್ತರ. ಆ ಡೆಮೊಗೆ ಗಡಿಯಾರವನ್ನು ಕಟ್ಟುವುದು ಎಷ್ಟರಮಟ್ಟಿಗೆ ಯುಕ್ತವೆಂಬುದು ಪ್ರಕೃತ ಲೇಖನದ ವಿಷಯ.

ಹಳೆಯ ಪದ್ಧತಿ ಸರಳವಾಗಿತ್ತು. 1993ರಲ್ಲಿ ಅಮೆರಿಕದ ಇಡ್ ಸಾಫ್ಟ್‌ವೇರ್ ಸಂಸ್ಥೆ ತನ್ನ 'ಡೂಮ್' ಆಟದ ಮೂರು ಭಾಗಗಳಲ್ಲಿ ಮೊದಲನೆಯದನ್ನು ಉಚಿತವಾಗಿ ಹಂಚಿ ಉಳಿದೆರಡನ್ನು ಮಾರಿತು. ಉಚಿತವಾದ ಭಾಗವನ್ನು ಎಷ್ಟು ಹೊತ್ತು, ಎಷ್ಟು ಬಾರಿ ಆಡಿದರೂ ತಡೆಯಿರಲಿಲ್ಲ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳನ್ನು ಹಿಸುಕಿ ನೋಡಿದರೆ ಸಾಕೆಂಬ ನ್ಯಾಯ ಇಲ್ಲಿ ಚೆನ್ನಾಗಿ ಹೊಂದುತ್ತದೆ. ಒಂದೇ ಪಾತ್ರೆಯ ಅಗುಳುಗಳೆಲ್ಲ ಒಂದೇ ಬಗೆಯವಾಗಿರುವಂತೆ, ಆ ಆಟದಲ್ಲಿ ಒಂದು ಭಾಗದಿಂದ ಮತ್ತೊಂದಕ್ಕೆ ಆಡುವ ರೀತಿ ಮೂಲತಃ ಬದಲಾಗುವುದಿಲ್ಲ.

ಓಪನ್ ವರ್ಲ್ಡ್ ಎಂದು ಆಟಗಾರರು ಕರೆಯುವ ಮುಕ್ತಜಗತ್ತಿನ ಆಟದ ವಿಚಾರ ಬೇರೆ. ಅಲ್ಲಿ ಘಟ್ಟಗಳ ಅನುಕ್ರಮಕ್ಕೆ ಪ್ರಾಧಾನ್ಯವಿಲ್ಲ. ವಿಶಾಲವಾದ ಒಂದು ಭೂಭಾಗವನ್ನು ನಿರ್ಮಿಸಿ, ಆಟಗಾರನನ್ನು ಅದರಲ್ಲಿ ಬಿಟ್ಟು, ದಿಕ್ಕನ್ನೂ ವೇಗವನ್ನೂ ಅವನ ಇಚ್ಛೆಗೇ ಒಪ್ಪಿಸಲಾಗಿದೆ. ಕಥೆಯನ್ನು ಮುಂದುವರಿಸಬಹುದು, ಅದನ್ನು ಬದಿಗಿಟ್ಟು ದೂರದಲ್ಲಿ ಕಂಡ ಗುಡ್ಡವನ್ನು ಹತ್ತಲೂಬಹುದು. ಹತ್ತಿದ ಮೇಲೆ ಅಲ್ಲಿ ಏನೂ ಸಿಗದಿರಬಹುದು. ಆ ಸಾಧ್ಯತೆಯೂ ಸುಖದ ಒಂದು ಅಂಶವೇ. ಹೀಗೆ, ಮಾರಾಟವಾಗುತ್ತಿರುವ ಸರಕೇ ಇಲ್ಲಿ ಅವಸರವಿಲ್ಲದ ಅಲೆದಾಟ. ಅದಕ್ಕೆ ಅವಸರದ ಮಾದರಿಯೊಂದನ್ನು ಕೊಟ್ಟರೆ ಅದು ಪ್ರಮಾಣದಲ್ಲಿ ಚಿಕ್ಕದಾದ ಅದೇ ವಸ್ತುವಲ್ಲ, ಬೇರೊಂದು ವಸ್ತು.

ಸ್ವೀಡನ್ನಿನ ಅವಲಾಂಚ್ ಸ್ಟುಡಿಯೋಸ್ ನಿರ್ಮಿಸಿದ 'ಜಸ್ಟ್ ಕಾಸ್ 2' ಎಂಬ ಆಟವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. 2010ರ ಮಾರ್ಚಿಯಲ್ಲಿ ಬಂದ ಅದರ ಡೆಮೊದಲ್ಲಿ ಪನಾವ್ ಎಂಬ ಕಲ್ಪಿತ ದ್ವೀಪರಾಷ್ಟ್ರದ ಮರುಭೂಮಿಯ ಪ್ರದೇಶವನ್ನು ತೆರೆದಿಟ್ಟಿದ್ದರು. ಕೊಕ್ಕೆಯ ಹಗ್ಗ, ಪ್ಯಾರಾಷೂಟ್, ವಾಹನಗಳು ಎಲ್ಲವೂ ಕೈಗೆ ಸಿಗುತ್ತಿದ್ದವು. ಆದರೆ ಕಾಲ ಕೇವಲ 30 ನಿಮಿಷ. ಅವಧಿ ಮುಗಿದರೆ ಆಟ ನಿಲ್ಲುತ್ತಿತ್ತು. ಬೇಕಾದವರು ಮತ್ತೆ ಮೊದಲಿನಿಂದ ತೊಡಗಬಹುದಾಗಿತ್ತು. ಕಂಪ್ಯೂಟರಿನಲ್ಲಿ ಆಡುವವರು ಈ ಮಿತಿಯನ್ನು ಬಹುಬೇಗ ಕಿತ್ತುಹಾಕಿದರು. ಸ್ಥಳದ ಮಿತಿ, ಕಾಲದ ಮಿತಿ ಎರಡೂ ಇದ್ದ ಕಡೆ ಆಟಗಾರರಿಗೆ ಅಸಹ್ಯವಾದುದು ಕಾಲದ ಮಿತಿ ಎಂಬುದನ್ನು ಗಮನಿಸಬೇಕು. ನ್ಯಾಯವಾಗಿ ಒಂದು ಮಾತನ್ನೂ ಸೇರಿಸಬೇಕು: ಆ ಆಟದ ರಂಜನೆಯ ಬಹುಪಾಲು ಸ್ಫೋಟ, ಸಾಹಸ, ಧ್ವಂಸಗಳಲ್ಲಿದ್ದುದರಿಂದ ಅರ್ಧ ಗಂಟೆಯ ಮಾದರಿ ತೀರ ಸುಳ್ಳು ಹೇಳಲಿಲ್ಲ. ಅದೇ ಅರ್ಧ ಗಂಟೆಯನ್ನು ಮೌನವಾಗಿ ನಡೆಯುವುದೇ ಮುಖ್ಯವಾದ ಆಟಕ್ಕೆ ವಿಧಿಸಿದ್ದರೆ ಗತಿಯೇನು? ಗಡಿಯಾರವನ್ನು ಕಂಡ ಆಟಗಾರ ನಡೆಯುವುದನ್ನು ಬಿಟ್ಟು ಓಡುತ್ತಾನೆ, ಸಂಭಾಷಣೆಗಳನ್ನು ದಾಟಿಸುತ್ತಾನೆ, ಗುಡ್ಡವನ್ನು ಹತ್ತುವುದು ನಷ್ಟದ ಬಾಬ್ತೆಂದು ಲೆಕ್ಕ ಹಾಕುತ್ತಾನೆ. ಅನಂತರ ಅವನು ಕೊಡುವ ತೀರ್ಪು ಆಟದ ಮೇಲಿನ ತೀರ್ಪಲ್ಲ, ಓಟದ ಮೇಲಿನದು.

ಸ್ಟಾಕ್‌ಹೋಮ್ ನಗರದ್ದೇ ಆದ ಮೊಯಾಂಗ್ ಸಂಸ್ಥೆಯ 'ಮೈನ್‌ಕ್ರಾಫ್ಟ್' ಇದೇ ಸಮಸ್ಯೆಯನ್ನು ಬೇರೆ ರೀತಿಯಲ್ಲಿ ಬಿಡಿಸಿತು. ಅದರ ಕಂಪ್ಯೂಟರ್ ಡೆಮೊದ ಅವಧಿ ಆಟದೊಳಗಿನ ಐದು ದಿನಗಳು. ಆಟದ ಒಂದು ದಿನಕ್ಕೆ ನಮ್ಮ 20 ನಿಮಿಷ. ಆದ್ದರಿಂದ ಒಟ್ಟು 1 ಗಂಟೆ 40 ನಿಮಿಷ. ಬರಿಯ ಅಂಕಗಣಿತದಲ್ಲಿ ಇದೂ ಕಾಲಮಿತಿಯೇ. ಆದರೆ ಅಳತೆ ಆ ಜಗತ್ತಿನದೇ ಆಗಿರುವುದರಿಂದ ಅನುಭವದಲ್ಲಿ ದೊಡ್ಡ ವ್ಯತ್ಯಾಸವಾಗುತ್ತದೆ. ಹಗಲಲ್ಲಿ ಮರ ಕಡಿದು, ಕತ್ತಲಾಗುವ ಮುನ್ನ ಗೂಡು ಕಟ್ಟಿಕೊಂಡು, ರಾತ್ರಿಯ ಭೂತಗಳಿಂದ ಉಳಿದು ಬೆಳಗನ್ನು ಕಾಣುವ ಚಕ್ರವೇ ಆ ಆಟದ ಜೀವಾಳ. ಐದು ಸಲ ಅದು ಪೂರ್ತಿಯಾಗಿ ತಿರುಗುತ್ತದೆ. ಅವಧಿ ತೀರಿದ ಮೇಲೆ ಕಲ್ಲನ್ನು ಒಡೆಯುವಂತಿಲ್ಲ, ಇಡುವಂತಿಲ್ಲ. ಬೇಕಾದರೆ ಆ ಜಗತ್ತನ್ನು ಅಳಿಸಿ ಹೊಸದಾಗಿ ಆರಂಭಿಸಬಹುದು.

ಇನ್ನೊಂದು ಮಾರ್ಗ ಸ್ಥಳವನ್ನು ಮಿತಗೊಳಿಸುವುದು. ನಿಂಟೆಂಡೊ ಸಂಸ್ಥೆಯ 'ಬ್ರೆತ್ ಆಫ್ ದಿ ವೈಲ್ಡ್' 2016ರ ಜೂನಿನಲ್ಲಿ ಲಾಸ್ ಏಂಜಲೀಸಿನ ಪ್ರದರ್ಶನದಲ್ಲಿ ಸಂದರ್ಶಕರ ಕೈಗೆ ಬಂದಾಗ ಅವರಿಗೆ ಲಭ್ಯವಾಗಿದ್ದುದು ಎತ್ತರದ ಒಂದು ಪ್ರಸ್ಥಭೂಮಿ ಮಾತ್ರ. ಸುತ್ತಲೂ ಕಡಿದಾದ ಬಂಡೆ; ಗಾಳಿಯಲ್ಲಿ ತೇಲಿಸುವ ಸಾಧನ ದೊರೆಯುವವರೆಗೆ ಕೆಳಗಿಳಿಯುವ ಉಪಾಯವಿಲ್ಲ. 2017ರಲ್ಲಿ ಪ್ರಕಟವಾದ ಪೂರ್ಣ ಆಟವೂ ಅಲ್ಲಿಂದಲೇ ಮೊದಲಾಗುತ್ತದೆ. ಪ್ರದರ್ಶನದಲ್ಲಿ ಗಡಿಯಾರವೂ ಇದ್ದಿತೆನ್ನಬಹುದು. ಆದರೆ ಅಲ್ಲಿ ಹಿಂದೆ ಸಾಲು ನಿಂತಿರುತ್ತದೆ, ಒಬ್ಬ ಎದ್ದರೆ ಮತ್ತೊಬ್ಬ ಕೂರಬೇಕು. ಮನೆಯಲ್ಲಿ ಒಬ್ಬನೇ ಕುಳಿತು ಆಡುವವನ ಹಿಂದೆ ಯಾರ ಸಾಲೂ ಇಲ್ಲ. ವಿರಳತೆಯಿಲ್ಲದ ಕಡೆ ವಿರಳತೆಯ ಶಿಸ್ತನ್ನು ಹೇರಿದಂತಾಗುತ್ತದೆ.

ಹಾಗಿದ್ದೂ ಮಾರುವವರು ಗಡಿಯಾರವನ್ನೇ ಮೆಚ್ಚುವುದೇಕೆ? ಮೊದಲ ಕಾರಣ ವೆಚ್ಚ. ಆಟದಿಂದ ಒಂದು ಪ್ರದೇಶವನ್ನು ಕತ್ತರಿಸಿ, ಅಂಚುಗಳನ್ನು ಮುಚ್ಚಿ, ಸ್ವತಂತ್ರವಾಗಿ ನಿಲ್ಲುವಂತೆ ಮಾಡಲು ನಿರ್ಮಾಪಕರ ವಾರಗಟ್ಟಲೆ ದುಡಿಮೆ ಬೇಕು. ಪೂರ್ಣ ಆಟಕ್ಕೆ ಎಣಿಕೆಯ ಯಂತ್ರವೊಂದನ್ನು ತಗುಲಿಸುವುದು ಸುಲಭ. ಸೋನಿ ಸಂಸ್ಥೆ 2010ರಲ್ಲಿ ಚಂದಾದಾರರಿಗೆ ಪೂರ್ಣ ಆಟವನ್ನು ಒಂದು ಗಂಟೆ ಆಡಗೊಡುವ ಪದ್ಧತಿಯನ್ನು ತಂದಿತು; 2022ರಲ್ಲಿ 'ಹೊರೈಜನ್ ಫರ್ಬಿಡನ್ ವೆಸ್ಟ್', 'ಸೈಬರ್‌ಪಂಕ್ 2077' ಆಟಗಳಿಗೆ ಐದೈದು ಗಂಟೆ ಕೊಟ್ಟಿತು. ಒಂದರಿಂದ ಐದಕ್ಕೆ ಏರಿದ್ದು ಔದಾರ್ಯವೆಂದಷ್ಟೇ ತಿಳಿಯಬೇಕಾಗಿಲ್ಲ. ಮುಕ್ತಜಗತ್ತಿನಲ್ಲಿ ಮೊದಲ ಗಂಟೆ ಬಹುಮಟ್ಟಿಗೆ ಪೀಠಿಕೆಯಲ್ಲೇ ಕಳೆದುಹೋಗುತ್ತದೆ.

ಎರಡನೆಯದು ಭಯ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಜೆಸ್ಸಿ ಶೆಲ್ 2013ರಲ್ಲಿ ಡೈಸ್ ಸಮ್ಮೇಳನದಲ್ಲಿ ಎಕ್ಸ್‌ಬಾಕ್ಸ್ 360 ಆಟಗಳ ಮಾರಾಟದ ಅಂಕಿಗಳನ್ನು ಮುಂದಿಟ್ಟು, ಟ್ರೇಲರ್ ಮಾತ್ರ ಹೊರತಂದ ಆಟಗಳು ಡೆಮೊವನ್ನೂ ಕೊಟ್ಟ ಆಟಗಳಿಗಿಂತ ಹೆಚ್ಚು ಮಾರಾಟವಾದುವೆಂದು ತೋರಿಸಿದರು. ಈ ಅಂಕಿಗಳನ್ನು ವಿದ್ಯಾರ್ಥಿಗಳು ಎಚ್ಚರದಿಂದ ಓದಬೇಕು. ಹೆಸರುವಾಸಿಯಾದ ಆಟಕ್ಕೆ ಡೆಮೊದ ಹಂಗಿಲ್ಲ. ಮಾರಾಟದಲ್ಲಿ ಸಂಶಯವಿರುವವನೇ ಡೆಮೊ ಕೊಡಲು ಮುಂದಾಗಬಹುದು. ಆಗ ಡೆಮೊ ಕಡಿಮೆ ಮಾರಾಟದ ಕಾರಣವಾಗದೆ ಅದರ ಲಕ್ಷಣವಾಗುತ್ತದೆ. ಆದರೂ ಭಯ ಪೂರ್ತಿ ನಿರಾಧಾರವಲ್ಲ. 2017ರ ಮಾರ್ಚಿಯಲ್ಲಿ 'ಮಾಸ್ ಎಫೆಕ್ಟ್: ಆಂಡ್ರೊಮೆಡಾ' ಆಟವನ್ನು ಬಿಡುಗಡೆಗೆ ಕೆಲವು ದಿನ ಮೊದಲು ಚಂದಾದಾರರಿಗೆ 10 ಗಂಟೆ ಆಡಲು ಕೊಟ್ಟಾಗ, ಪಾತ್ರಗಳ ಮುಖದ ಚಲನೆಯ ದೋಷಗಳ ದೃಶ್ಯಗಳು ಎಲ್ಲೆಡೆ ಹಬ್ಬಿ ಪರಿಹಾಸಕ್ಕೆ ಗುರಿಯಾದುವು. ಮಾರುವವನಿಗೆ ಇದು ನಷ್ಟ. ಕೊಳ್ಳುವವನಿಗೆ ಇದೇ ಮಾದರಿಯ ಪ್ರಯೋಜನ. ಈ ಎರಡು ಹಿತಗಳು ಒಂದೇ ಎಂದು ನಟಿಸುವುದರಿಂದ ಚರ್ಚೆ ಕೆಡುತ್ತದೆ.

ಕಾಲಮಿತಿಯ ಪರವಾಗಿ ಒಪ್ಪತಕ್ಕ ವಾದವೊಂದಿದೆ. ಸ್ಥಳವನ್ನು ಕತ್ತರಿಸಿದರೆ ದಿಕ್ಕಿನ ಸ್ವಾತಂತ್ರ್ಯ ಹೋಗುತ್ತದೆ; ಕಾಲವನ್ನು ಕತ್ತರಿಸಿದರೆ ದಿಕ್ಕುಗಳೆಲ್ಲ ಉಳಿಯುತ್ತವೆ. ಅವಧಿ ದೀರ್ಘವಾಗಿದ್ದು, ಆಡಿದ್ದು ವ್ಯರ್ಥವಾಗದಿದ್ದರೆ ಈ ವಾದ ನಿಲ್ಲುತ್ತದೆಂದು ನಮ್ಮ ಅಭಿಪ್ರಾಯ. 2018ರಲ್ಲಿ ಬಂದ 'ಆಕ್ಟೊಪಾಥ್ ಟ್ರಾವೆಲರ್' ಆಟದ ಡೆಮೊಗೆ 3 ಗಂಟೆಯ ಮಿತಿಯಿದ್ದರೂ ಅಷ್ಟರಲ್ಲಿ ಗಳಿಸಿದ್ದನ್ನು ಕೊಂಡ ಆಟಕ್ಕೆ ಒಯ್ಯಬಹುದಾಗಿತ್ತು. ಅದು ಅಪ್ಪಟ ಮುಕ್ತಜಗತ್ತಿನ ಆಟವಲ್ಲ. ಎಂಟು ಪಾತ್ರಗಳಲ್ಲಿ ಯಾರಿಂದ ಆರಂಭಿಸಬೇಕೆಂಬ ಆಯ್ಕೆ ಆಟಗಾರನದು. ಆದರೂ, ಕಳೆದ ಕಾಲ ತನ್ನದಾಗಿಯೇ ಉಳಿಯುತ್ತದೆಂದು ತಿಳಿದವನು ಅಷ್ಟಾಗಿ ಓಡುವುದಿಲ್ಲ.

ಡೆಮೊ ಎಂಬ ಹೆಸರಿಲ್ಲದೆ ಅದೇ ಕೆಲಸವನ್ನು ಮಾಡುತ್ತಿರುವ ಗಡಿಯಾರವೊಂದು ಈಗ ಉಂಟು. 2015ರ ಜೂನಿನಿಂದ ಸ್ಟೀಮ್ ಮಳಿಗೆಯಲ್ಲಿ ಕೊಂಡ ಆಟವನ್ನು 14 ದಿನಗಳೊಳಗೆ, ಆಡಿದ ಅವಧಿ 2 ಗಂಟೆಗಿಂತ ಕಡಿಮೆಯಿದ್ದರೆ, ಹಿಂದಿರುಗಿಸಿ ಹಣ ಪಡೆಯಬಹುದು. ಎಲ್ಲ ಆಟಗಳಿಗೂ ಅಳತೆಗೋಲು ಒಂದೇ. ಒಂದೂವರೆ ಗಂಟೆಯಲ್ಲಿ ಮುಗಿಯುವ ಚಿಕ್ಕ ಆಟವನ್ನು ಪೂರ್ತಿ ಆಡಿ ಹಿಂದಿರುಗಿಸಬಹುದು. ನೂರು ಗಂಟೆಯ ಮುಕ್ತಜಗತ್ತಿನಲ್ಲಾದರೋ ಪಾತ್ರದ ಮುಖವನ್ನು ರೂಪಿಸಿ, ಪೀಠಿಕೆಯನ್ನು ದಾಟಿ, ಮೊದಲ ಬಯಲಿಗೆ ಕಾಲಿಡುವ ಹೊತ್ತಿಗೆ ಹಿಂದಿರುಗಿಸುವ ಅವಕಾಶ ಮುಗಿಯುತ್ತ ಬಂದಿರುತ್ತದೆ.