ಸರ್ವರ್‌ಗೆ ಲ್ಯಾಪ್‌ಟಾಪ್ ಜೋಡಿಸಿದಾಗ ಗೋಜಲು ಅಕ್ಷರಗಳು ಕಂಡರೆ ವೈರಸ್ ಬಂದಿದೆ ಎಂದರ್ಥವೇ?

ರಾತ್ರಿ ಹತ್ತು ಗಂಟೆ. ಕಚೇರಿಯ ಸರ್ವರ್ ನೆಟ್‌ವರ್ಕ್‌ನಲ್ಲಿ ಕಾಣುತ್ತಿಲ್ಲ. ಒಬ್ಬರು ಲ್ಯಾಪ್‌ಟಾಪ್ ತಂದು, ಸರ್ವರ್‌ನ ಹಿಂಬದಿಯ ಸೀರಿಯಲ್ ಪೋರ್ಟ್‌ಗೆ ಕೇಬಲ್ ಹಾಕುತ್ತಾರೆ. ಕಪ್ಪು ಪರದೆಯ ತುಂಬ ಪ್ರಶ್ನಾರ್ಥಕ ಚಿಹ್ನೆಗಳು, ಚೌಕಗಳು, ಅರ್ಥವಿಲ್ಲದ ಅಕ್ಷರಗಳು. ಅದರ ಫೋಟೊ ವಾಟ್ಸ್ಆ್ಯಪ್ ಗುಂಪಿಗೆ ಹೋಗುತ್ತದೆ. ಯಾರೋ ಬರೆಯುತ್ತಾರೆ: “ಹ್ಯಾಕ್ ಆಗಿದೆ, ಮೊದಲು ಪ್ಲಗ್ ಕಿತ್ತುಬಿಡಿ!”

ಈ ಸಲಹೆ ಪಾಲಿಸಿದರೆ ನಿಜವಾದ ಹಾನಿ ಆಗುವುದು ಆಗಲೇ. ಡಿಸ್ಕ್‌ಗೆ ಮಾಹಿತಿ ಬರೆಯುತ್ತಿರುವ ಸರ್ವರ್‌ನ ವಿದ್ಯುತ್ ಏಕಾಏಕಿ ಹೋದರೆ, ಅರ್ಧ ಬರೆದ ಕಡತಗಳೂ ಡೇಟಾಬೇಸೂ ಕೆಡಬಹುದು. ಚೆನ್ನಾಗಿಯೇ ಇದ್ದ ಯಂತ್ರವನ್ನು ನಾವೇ ಕೆಡಿಸಿದಂತೆ.

ಹಾಗಾದರೆ ಆ ಗೋಜಲು ಅಕ್ಷರಗಳು ಏನು?

ಒಂದೇ ಮಾತಿನಲ್ಲಿ ಉತ್ತರ

ಬಹುತೇಕ ಸಲ ಅದು ವೈರಸ್ ಅಲ್ಲ. ಲ್ಯಾಪ್‌ಟಾಪ್ ಮತ್ತು ಸರ್ವರ್ ಬೇರೆ ಬೇರೆ ವೇಗದಲ್ಲಿ ಮಾತನಾಡುತ್ತಿವೆ, ಅಷ್ಟೆ. ಇನ್ನೂ ಒಂದು ಸಮಾಧಾನದ ಸಂಗತಿ: ಗೋಜಲು ಅಕ್ಷರ ಬರುತ್ತಿದೆ ಎಂದರೆ ತಂತಿಯಲ್ಲಿ ಏನೋ ಹರಿಯುತ್ತಿದೆ, ಅಂದರೆ ಸರ್ವರ್ ಬದುಕಿದೆ. ಹಣ ಕೇಳುವ ವೈರಸ್ ಆಗಿದ್ದರೆ ಅದು ನಿಮಗೆ ಓದಲು ಬರುವ ಹಾಗೆಯೇ ಬರೆದಿರುತ್ತಿತ್ತು!

ಈ ಹಳೇ ಕೇಬಲ್ ಇನ್ನೂ ಯಾಕೆ ಬೇಕು?

2021ರ ಅಕ್ಟೋಬರ್ 4ರ ರಾತ್ರಿ ನೆನಪಿದೆಯೇ? ಫೇಸ್‌ಬುಕ್, ವಾಟ್ಸ್ಆ್ಯಪ್, ಇನ್‌ಸ್ಟಾಗ್ರಾಮ್ ಮೂರೂ ಸುಮಾರು ಆರು ಗಂಟೆ ಕಾಲ ನಿಂತುಹೋಗಿದ್ದವು. ಅದು ಹ್ಯಾಕಿಂಗ್ ಆಗಿರಲಿಲ್ಲ. ನಿರ್ವಹಣೆಯ ವೇಳೆ ಕೊಟ್ಟ ಒಂದು ಆದೇಶದಿಂದ ಕಂಪನಿಯ ಡೇಟಾ ಕೇಂದ್ರಗಳ ನಡುವಿನ ಸಂಪರ್ಕವೇ ಕಡಿದುಹೋಗಿತ್ತು. ದೂರದಿಂದ ಸರಿಪಡಿಸುವ ದಾರಿಗಳೂ ಮುಚ್ಚಿದ್ದರಿಂದ ಎಂಜಿನಿಯರ್‌ಗಳನ್ನು ಖುದ್ದಾಗಿ ಡೇಟಾ ಕೇಂದ್ರಗಳಿಗೆ ಕಳಿಸಬೇಕಾಯಿತು.

ಪಾಠ ಸರಳ. ನೆಟ್‌ವರ್ಕೇ ಬಿದ್ದಾಗ ನೆಟ್‌ವರ್ಕ್ ಮೂಲಕ ರಿಪೇರಿ ಮಾಡಲಾಗದು. ಆಗ ಯಂತ್ರದ ಪಕ್ಕದಲ್ಲೇ ನಿಂತು ಅದರೊಡನೆ ಮಾತನಾಡುವ ದಾರಿ ಬೇಕು. ಸೀರಿಯಲ್ ಕನ್ಸೋಲ್ ಅಂಥದ್ದೊಂದು ಹಿಂಬಾಗಿಲು. ಇದರ ಮೂಲವಾದ ಆರ್‌ಎಸ್-232 ಎಂಬ ಮಾನದಂಡ ಬಂದದ್ದು 1960ರಲ್ಲಿ. ಇದಕ್ಕೆ ಐಪಿ ವಿಳಾಸ ಬೇಡ, ವೈಫೈ ಬೇಡ. ಮೂರು ತಂತಿ ಸಾಕು: ಒಂದು ಕಳಿಸಲು, ಒಂದು ಪಡೆಯಲು, ಇನ್ನೊಂದು ಗ್ರೌಂಡ್.

ಗೋಜಲು ಹುಟ್ಟುವುದು ಹೇಗೆ?

ಇಬ್ಬರು ಬೇರೆ ಬೇರೆ ಕೋಣೆಗಳಲ್ಲಿ ಕುಳಿತು ಒಂದೇ ಹಾಡಿಗೆ ತಾಳ ಹಾಕುತ್ತಿದ್ದಾರೆ ಎಂದುಕೊಳ್ಳಿ. ಒಬ್ಬರ ಕೈ ಇನ್ನೊಬ್ಬರಿಗೆ ಕಾಣದು. ಯಾವ ಕಾಲದಲ್ಲಿ ತಾಳ ಎಂದು ಮೊದಲೇ ಮಾತಾಗಿದ್ದರೆ ಮಾತ್ರ ಇಬ್ಬರದೂ ಕೂಡುತ್ತದೆ. ಸೀರಿಯಲ್ ತಂತಿಯದ್ದೂ ಇದೇ ಕಥೆ. ಎರಡೂ ಕಡೆಗೆ ಒಂದೇ ತಾಳ ಮುಟ್ಟಿಸುವ ಪ್ರತ್ಯೇಕ ತಂತಿ ಇದರಲ್ಲಿಲ್ಲ.

ಏನೂ ಕಳಿಸದಿದ್ದಾಗ ತಂತಿ ಒಂದೇ ಸ್ಥಿತಿಯಲ್ಲಿರುತ್ತದೆ. ಅಕ್ಷರ ಬರುವ ಮುಂಚೆ ‘ಶುರು’ ಎಂದು ಹೇಳುವ ಒಂದು ಬಿಟ್ ಬರುತ್ತದೆ. ಪಡೆಯುವ ಯಂತ್ರ ಆ ಕ್ಷಣದಿಂದ ತನ್ನದೇ ಗಡಿಯಾರ ನೋಡಿ, ಇಷ್ಟಿಷ್ಟು ಹೊತ್ತಿಗೊಮ್ಮೆ ತಂತಿಯನ್ನು ಗಮನಿಸಿ 0 ಅಥವಾ 1 ಎಂದು ಬರೆದುಕೊಳ್ಳುತ್ತದೆ. ಈ ವೇಗವೇ ಬಾಡ್ ರೇಟ್. ಫ್ರಾನ್ಸಿನ ಟೆಲಿಗ್ರಾಫ್ ಎಂಜಿನಿಯರ್ ಎಮಿಲ್ ಬೋಡೊ (1845–1903) ಅವರಿಂದ ಬಂದ ಹೆಸರು.

9600 ವೇಗದಲ್ಲಿ ಒಂದು ಬಿಟ್‌ನ ಅವಧಿ ಸುಮಾರು 104 ಮೈಕ್ರೊಸೆಕೆಂಡ್. 115200 ವೇಗದಲ್ಲಿ ಸುಮಾರು 8.7 ಮೈಕ್ರೊಸೆಕೆಂಡ್ ಮಾತ್ರ. ಸರ್ವರ್ 115200ರಲ್ಲಿ ಕಳಿಸುತ್ತಿದ್ದು ಲ್ಯಾಪ್‌ಟಾಪ್ 9600ರಲ್ಲಿ ಓದಿದರೆ, ಲ್ಯಾಪ್‌ಟಾಪ್ ಒಂದು ಬಿಟ್ ಓದುವಷ್ಟರಲ್ಲಿ ಅಲ್ಲಿಂದ 12 ಬಿಟ್‌ಗಳು ಬಂದುಹೋಗಿರುತ್ತವೆ. ಅದಕ್ಕೆ ಸಿಕ್ಕ ಚೂರುಪಾರುಗಳೇ ಪರದೆಯ ಮೇಲೆ ಗೋಜಲಾಗಿ ಕಾಣುತ್ತವೆ. ಇಷ್ಟು ದೊಡ್ಡ ಅಂತರವೇ ಬೇಕೆಂದಿಲ್ಲ. ಎರಡು ಗಡಿಯಾರಗಳ ನಡುವೆ ಶೇ. 5ರ ಆಸುಪಾಸು ವ್ಯತ್ಯಾಸ ಬಂದರೂ ಅಕ್ಷರದ ಕೊನೆಯ ಬಿಟ್‌ಗಳು ತಪ್ಪತೊಡಗುತ್ತವೆ.

ಪರಿಹಾರ: ಟರ್ಮಿನಲ್ ತಂತ್ರಾಂಶದಲ್ಲಿ ವೇಗವನ್ನು ಬದಲಿಸಿ ನೋಡಿ. ನೆಟ್‌ವರ್ಕ್ ಸಾಧನಗಳಲ್ಲಿ 9600, ಸರ್ವರ್‌ಗಳಲ್ಲಿ 115200 ಹೆಚ್ಚು ಬಳಕೆಯಲ್ಲಿವೆ. ಪ್ರತಿ ಸಲ ಬದಲಿಸಿದ ಮೇಲೆ ಎಂಟರ್ ಒತ್ತಿ. ಸರಿಯಾದ ವೇಗ ಸಿಕ್ಕ ಕೂಡಲೇ ಓದಬಲ್ಲ ಸಾಲು ಬರುತ್ತದೆ.

ಅರ್ಧ ಅಕ್ಷರ ಸರಿ, ಅರ್ಧ ತಪ್ಪು ಬರುತ್ತಿದ್ದರೆ? ಆಗ ವೇಗ ಸರಿಯಿದೆ, ‘ಪ್ಯಾರಿಟಿ’ ಎಂಬ ತಪಾಸಣೆ ಬಿಟ್‌ನ ಸೆಟ್ಟಿಂಗ್ ಹೊಂದುತ್ತಿಲ್ಲ ಎಂದು ಅನುಮಾನಿಸಬಹುದು. ಈಗ ಸಾಮಾನ್ಯವಾಗಿ ಬಳಸುವುದು 8 ಡೇಟಾ ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್. ಎಲ್ಲ ಸೆಟ್ಟಿಂಗ್ ಸರಿಯಿದ್ದೂ ಗೋಜಲು ಬಂದರೆ ಗ್ರೌಂಡ್ ತಂತಿ ಸಡಿಲವಾಗಿದೆಯೇ ನೋಡಿ.

“ಪರದೆ ಖಾಲಿ, ಸರ್ವರ್ ಸತ್ತಿದೆ” ಎಂಬುದು ನಿಜವೇ?

ಇದೂ ಅವಸರದ ತೀರ್ಮಾನ. ನೀವು ಕೇಬಲ್ ಹಾಕುವ ಮೊದಲೇ ಸರ್ವರ್ ತನ್ನ ಲಾಗಿನ್ ಸಾಲನ್ನು ಕಳಿಸಿ ಸುಮ್ಮನಾಗಿರುತ್ತದೆ. ಕೇಳುವವರಿಲ್ಲದಾಗ ಹೇಳಿದ್ದನ್ನು ಅದು ಮತ್ತೆ ಹೇಳುವುದಿಲ್ಲ. ಹಾಗಾಗಿ ಮೊದಲ ಮದ್ದು: ಎರಡು ಸಲ ಎಂಟರ್ ಒತ್ತಿ. ಎಷ್ಟೋ ಬಾರಿ ಇಷ್ಟೇ ಸಾಕು.

ಆಗಲೂ ಖಾಲಿಯಿದ್ದರೆ, ಲ್ಯಾಪ್‌ಟಾಪ್ ಕಡೆಯಿಂದ ಶುರುಮಾಡಿ ಒಂದೊಂದೇ ಹೆಜ್ಜೆ ಪರೀಕ್ಷಿಸಿ.

1. ಅಡಾಪ್ಟರ್ ಲ್ಯಾಪ್‌ಟಾಪ್‌ಗೆ ಕಾಣುತ್ತಿದೆಯೇ? ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಸೀರಿಯಲ್ ಪೋರ್ಟ್ ಅಪರೂಪ. ಯುಎಸ್‌ಬಿಯಿಂದ ಸೀರಿಯಲ್‌ಗೆ ಬದಲಿಸುವ ಅಡಾಪ್ಟರ್ ಬೇಕು. ವಿಂಡೋಸ್‌ನಲ್ಲಿ ಡಿವೈಸ್ ಮ್ಯಾನೇಜರ್ ತೆರೆದರೆ ‘ಕಾಮ್ 3’, ‘ಕಾಮ್ 5’ ಎಂಬಂತೆ ಪೋರ್ಟ್ ಸಂಖ್ಯೆ ಕಾಣಬೇಕು. ಹಳದಿ ಎಚ್ಚರಿಕೆ ಗುರುತಿದ್ದರೆ ಡ್ರೈವರ್ ತೊಂದರೆ. ಲಿನಕ್ಸ್‌ನಲ್ಲಿ ಪೋರ್ಟ್ ಕಂಡರೂ ಅದನ್ನು ತೆರೆಯುವ ಅನುಮತಿ ನಿಮ್ಮ ಖಾತೆಗೆ ಇಲ್ಲದಿರಬಹುದು.

2. ಅಡಾಪ್ಟರ್ ಕೆಲಸ ಮಾಡುತ್ತಿದೆಯೇ? ಅದನ್ನು ಸರ್ವರ್‌ನಿಂದ ಬಿಡಿಸಿ, 9 ಪಿನ್‌ಗಳ ಕನೆಕ್ಟರ್‌ನಲ್ಲಿ 2 ಮತ್ತು 3ನೇ ಪಿನ್‌ಗಳನ್ನು ಸಣ್ಣ ತಂತಿಯಿಂದ ಸೇರಿಸಿ. ಫ್ಲೋ ಕಂಟ್ರೋಲ್ ಮತ್ತು ಲೋಕಲ್ ಎಕೋ ಎರಡನ್ನೂ ಆಫ್ ಮಾಡಿ ಟೈಪ್ ಮಾಡಿ. ನೀವು ಒತ್ತಿದ ಅಕ್ಷರವೇ ಪರದೆಗೆ ಮರಳಿದರೆ ಲ್ಯಾಪ್‌ಟಾಪ್, ಡ್ರೈವರ್, ಅಡಾಪ್ಟರ್ ಮೂರೂ ಸರಿಯಿವೆ. ತೊಂದರೆ ಅಲ್ಲಿಂದ ಆಚೆಗಿದೆ.

3. ಕೇಬಲ್ ಸರಿಯಾದದ್ದೇ? ಲ್ಯಾಪ್‌ಟಾಪ್ ಮತ್ತು ಸರ್ವರ್ ಎರಡೂ 3ನೇ ಪಿನ್‌ನಲ್ಲಿ ಮಾತನಾಡಿ 2ನೇ ಪಿನ್‌ನಲ್ಲಿ ಕೇಳಿಸಿಕೊಳ್ಳುತ್ತವೆ. ನೇರ ಕೇಬಲ್ ಹಾಕಿದರೆ ಬಾಯಿಗೆ ಬಾಯಿ, ಕಿವಿಗೆ ಕಿವಿ ಸೇರುತ್ತದೆ, ಯಾರಿಗೂ ಏನೂ ಕೇಳಿಸದು. 2 ಮತ್ತು 3 ಅದಲುಬದಲಾದ ‘ನಲ್ ಮೋಡೆಮ್’ ಕೇಬಲ್ ಬೇಕು.

4. ಸರ್ವರ್‌ಗೆ ಸೀರಿಯಲ್ ಕಡೆ ಮಾತನಾಡಲು ಹೇಳಿದ್ದಾರೆಯೇ? ಇದು ಹಲವರು ಮರೆಯುವ ಹೆಜ್ಜೆ. ಆನ್ ಮಾಡಿದಾಗ ಬಯೋಸ್ ಸಂದೇಶಗಳು ಬಂದು ಆಮೇಲೆ ಪರದೆ ಮೌನವಾದರೆ ಕೇಬಲ್ ಸರಿಯಿದೆ ಎಂದೇ ಅರ್ಥ. ಆಪರೇಟಿಂಗ್ ಸಿಸ್ಟಂಗೆ ಮಾತ್ರ ಸೀರಿಯಲ್ ಪೋರ್ಟ್ ಬಳಸಲು ಸೂಚನೆ ಸಿಕ್ಕಿಲ್ಲ. ಲಿನಕ್ಸ್‌ನಲ್ಲಿ ಕರ್ನಲ್‌ನ ಕನ್ಸೋಲ್ ಆಯ್ಕೆಯಲ್ಲಿ ಪೋರ್ಟ್‌ನ ಹೆಸರು, ವೇಗ ಎರಡನ್ನೂ ಕೊಡಬೇಕು. ಬೂಟ್ ಸಂದೇಶ ಬಂದರೂ ಲಾಗಿನ್ ಸಾಲು ಬರದಿದ್ದರೆ, ಆ ಪೋರ್ಟ್‌ನಲ್ಲಿ ಲಾಗಿನ್ ಕೇಳುವ ಸೇವೆ ಓಡುತ್ತಿಲ್ಲ.

ಇದನ್ನೆಲ್ಲ ಸರ್ವರ್ ಚೆನ್ನಾಗಿರುವಾಗಲೇ ಹೊಂದಿಸಿ, ಒಮ್ಮೆ ಪರೀಕ್ಷಿಸಿ ಇಡಬೇಕು. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿದರೆ ಆಗದು.

ಸಂದೇಶ ಕಾಣುತ್ತದೆ, ಆದರೆ ಟೈಪ್ ಆಗುತ್ತಿಲ್ಲ

“ಕೀಬೋರ್ಡ್ ಲಾಕ್ ಮಾಡಿದ್ದಾರೆ” ಎಂದು ಹೆದರಬೇಡಿ. ಒಂದು ಕಾರಣ, ಹಾರ್ಡ್‌ವೇರ್ ಫ್ಲೋ ಕಂಟ್ರೋಲ್. ‘ಕಳಿಸಬಹುದು’ ಎಂಬ ಸಂಕೇತಕ್ಕಾಗಿ ಲ್ಯಾಪ್‌ಟಾಪ್ ಕಾಯುತ್ತಿರುತ್ತದೆ. ಮೂರೇ ತಂತಿಯ ಕೇಬಲ್‌ನಲ್ಲಿ ಆ ಸಂಕೇತ ಬರುವ ದಾರಿಯೇ ಇಲ್ಲ. ಅದನ್ನು ಆಫ್ ಮಾಡಿ.

ಇನ್ನೊಂದು ಕಾರಣ ಇನ್ನೂ ಸಣ್ಣದು. ಕಡತ ಸೇವ್ ಮಾಡುವ ಅಭ್ಯಾಸದಿಂದ ಕಂಟ್ರೋಲ್ ಮತ್ತು ಎಸ್ ಒತ್ತಿರುತ್ತೀರಿ. ಇಲ್ಲಿ ಅದರರ್ಥ ‘ಕಳಿಸುವುದನ್ನು ನಿಲ್ಲಿಸು’. ಕಂಟ್ರೋಲ್ ಮತ್ತು ಕ್ಯೂ ಒತ್ತಿದರೆ ನಿಂತದ್ದು ಮತ್ತೆ ಹರಿಯುತ್ತದೆ.

“ಪೋರ್ಟ್‌ನಲ್ಲಿ ಕೂತರೆ ಸಾಕು, ಯಾವ ಕೇಬಲ್ ಆದರೂ ಆಗುತ್ತದೆ” ಎಂಬ ಮಾತು

ಇದು ತಪ್ಪು, ಕೆಲವೊಮ್ಮೆ ದುಬಾರಿಯೂ ಹೌದು. ಹಲವು ಸಾಧನಗಳ ಕನ್ಸೋಲ್ ಪೋರ್ಟ್ ನೋಡಲು ನೆಟ್‌ವರ್ಕ್ ಪೋರ್ಟ್‌ನಂತೆಯೇ ಇರುತ್ತದೆ. ಒಳಗಿನ ಸಂಕೇತವೇ ಬೇರೆ, ಮಾಮೂಲಿ ನೆಟ್‌ವರ್ಕ್ ಕೇಬಲ್‌ನಿಂದ ಪ್ರಯೋಜನವಿಲ್ಲ. ಒಂದು ಕಂಪನಿಯ ಕನ್ಸೋಲ್ ಕೇಬಲ್ ಇನ್ನೊಂದರ ಸಾಧನಕ್ಕೆ ಆಗುತ್ತದೆ ಎಂಬ ಖಾತ್ರಿಯೂ ಇಲ್ಲ.

ಅದಕ್ಕಿಂತ ಮುಖ್ಯ ಎಚ್ಚರಿಕೆ ವೋಲ್ಟೇಜ್‌ನದು. ಆರ್‌ಎಸ್-232ರಲ್ಲಿ ಸಂಕೇತಗಳು 3ರಿಂದ 15 ವೋಲ್ಟ್‌ವರೆಗೆ ಇರುತ್ತವೆ, ಧನ ಮತ್ತು ಋಣ ಎರಡೂ ಕಡೆ. ರಾಸ್‌ಬೆರಿ ಪೈನಂಥ ಸಣ್ಣ ಬೋರ್ಡ್‌ಗಳ ಪಿನ್‌ಗಳು ತಡೆಯುವುದು 3.3 ವೋಲ್ಟ್ ಮಾತ್ರ. ಸರ್ವರ್‌ಗೆ ಬಳಸುವ ಅಡಾಪ್ಟರನ್ನು ನೇರವಾಗಿ ಅವಕ್ಕೆ ಚುಚ್ಚಿದರೆ ಬೋರ್ಡ್ ಸುಟ್ಟುಹೋಗಬಹುದು.

ಫೋಟೊ ಹಂಚುವ ಮುನ್ನ

ಕನ್ಸೋಲ್ ಪರದೆಯಲ್ಲಿ ಸರ್ವರ್‌ನ ಹೆಸರು, ಐಪಿ ವಿಳಾಸ, ಬಳಕೆದಾರರ ಹೆಸರುಗಳು ಇರಬಹುದು. ಅದರ ಫೋಟೊವನ್ನು ಗುಂಪುಗಳಿಗೆ ಹಾಕಬೇಡಿ. ಕೆಲಸ ಮುಗಿದ ಮೇಲೆ ಲಾಗೌಟ್ ಆಗದೆ ಕೇಬಲ್ ಕೀಳಲೂಬೇಡಿ. ಕೇಬಲ್ ತೆಗೆದದ್ದು ಎಷ್ಟೋ ಸಲ ಸರ್ವರ್‌ಗೆ ಗೊತ್ತೇ ಆಗುವುದಿಲ್ಲ. ಮುಂದೆ ಕೇಬಲ್ ಹಾಕಿದವರಿಗೆ ಪಾಸ್‌ವರ್ಡ್ ಇಲ್ಲದೆಯೇ ನಿಮ್ಮ ಖಾತೆ ಸಿಕ್ಕಿಬಿಡಬಹುದು.

ನೆನಪಿಡಲು

• ಗೋಜಲು ಅಕ್ಷರ: ಸರ್ವರ್ ಬದುಕಿದೆ, ವೇಗ ಹೊಂದಿಸಿ.
• ಅರ್ಧ ಸರಿ, ಅರ್ಧ ತಪ್ಪು: ಪ್ಯಾರಿಟಿ ನೋಡಿ.
• ಖಾಲಿ ಪರದೆ: ಮೊದಲು ಎಂಟರ್; ಆಮೇಲೆ ಅಡಾಪ್ಟರ್, ಕೇಬಲ್, ಸರ್ವರ್ ಸೆಟ್ಟಿಂಗ್.
• ಕಾಣುತ್ತದೆ, ಟೈಪ್ ಆಗದು: ಫ್ಲೋ ಕಂಟ್ರೋಲ್ ಆಫ್ ಮಾಡಿ, ಕಂಟ್ರೋಲ್ ಮತ್ತು ಕ್ಯೂ ಒತ್ತಿ.
• ಪ್ಲಗ್ ಕೀಳುವುದು ಇವೆಲ್ಲ ಮುಗಿದ ಮೇಲಿನ ಮಾತು, ಅದೂ ಸರ್ವರ್ ನೋಡಿಕೊಳ್ಳುವವರನ್ನು ಕೇಳಿಯೇ.

“ಹ್ಯಾಕ್ ಆಗಿದೆ” ಎಂಬ ಫೋಟೊ ಮುಂದಿನ ಸಲ ನಿಮ್ಮ ಗುಂಪಿಗೆ ಬಂದರೆ, ಅದನ್ನು ಫಾರ್ವರ್ಡ್ ಮಾಡುವ ಬದಲು ಒಂದೇ ಪ್ರಶ್ನೆ ಕೇಳಿ: “ಬಾಡ್ ರೇಟ್ ಎಷ್ಟು ಇಟ್ಟಿದ್ದೀರಿ?”