ಪರರ ಮಕ್ಕಳಿಗೂ ತಾಯಾದ ರಾಣಿ

ರಾಣಿಯೆಂದರೆ ಕೈಗೊಬ್ಬ ಕಾಲಿಗೊಬ್ಬ ಆಳು, ಕೂತಲ್ಲೇ ಊಟ ಅಂತ ತಾನೆ ನೀವಂದುಕೊಳ್ಳುವುದು? ಸ್ಕಾಟ್ಲೆಂಡಿನ ರಾಣಿ ಮಾರ್ಗರೆಟ್ಟಳ ದಿನಚರಿ ಕೇಳಿ. ಬೆಳಗಾಗುತ್ತಲೇ ಒಂಬತ್ತು ಅನಾಥ ಕೂಸುಗಳನ್ನು ಕರೆಸಿ, ಮೆತ್ತಗಿನ ಊಟವನ್ನು ತನ್ನ ಚಮಚದಿಂದಲೇ ಉಣಿಸುತ್ತಿದ್ದಳಂತೆ! ಹೀಗೆಂದು ಬರೆದಿಟ್ಟವರು ಆಕೆಯನ್ನು ಹತ್ತಿರದಿಂದ ಬಲ್ಲ ಪಾದ್ರಿ ಟರ್ಗಟ್.

ಹಂಗೆರಿಯಲ್ಲಿ ಬೆಳೆದ ಈ ಇಂಗ್ಲಿಷ್ ರಾಜವಂಶದ ಹುಡುಗಿ, 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ನೆಲೆ ತಪ್ಪಿ ಸ್ಕಾಟ್ಲೆಂಡ್ ಸೇರಿದಳು. ಸುಮಾರು 1070ರಲ್ಲಿ ಅಲ್ಲಿನ ರಾಜ ಮೂರನೆಯ ಮಾಲ್ಕಮ್ ಆಕೆಯ ಕೈಹಿಡಿದ. ಅವನಿಗೆ ಓದು ಬಾರದು. ಆದರೂ ಹೆಂಡತಿ ಮೆಚ್ಚಿದ ಪುಸ್ತಕಗಳಿಗೆ ಮುತ್ತಿಡುತ್ತಿದ್ದ. ಬಡವರಿಗೆಂದು ಆಕೆ ಅವನ ನಾಣ್ಯ ಎತ್ತಿಕೊಂಡರೆ ಕಂಡೂ ಕಾಣದಂತಿರುತ್ತಿದ್ದ. ಒಮ್ಮೊಮ್ಮೆ ಕೈಹಿಡಿದು ತಮಾಷೆ ಮಾಡುತ್ತಿದ್ದ. ಎಂಥ ಸಂಸಾರ ನೋಡಿ!

1093ರ ನವೆಂಬರ್ 13ರಂದು ಯುದ್ಧದಲ್ಲಿ ಗಂಡನೂ ಹಿರಿಯ ಮಗನೂ ಮಡಿದರು. ಸುದ್ದಿ ತಂದ ಇನ್ನೊಬ್ಬ ಮಗ, ಹಾಸಿಗೆ ಹಿಡಿದಿದ್ದ ತಾಯಿಯೆದುರು ಬಾಯಿಬಿಡಲಾರದೆ ಹೋದ. ನಿಜ ಹೇಳಪ್ಪಾ ಎಂದು ಆಕೆಯೇ ಆಣೆಯಿಟ್ಟು ಕೇಳಿದಳು. 16ರಂದು ಕಣ್ಣುಮುಚ್ಚಿದಳು.

ಆಕೆಯ ಎಂಟು ಮಕ್ಕಳಲ್ಲಿ ಮೂವರು ರಾಜರಾದರು. 1250ರಲ್ಲಿ ಪೋಪರು ಆಕೆಯನ್ನು ಸಂತಳೆಂದು ಸಾರಿದರು. ಮಗ ಡೇವಿಡ್ ತಾಯಿಯ ನೆನಪಿಗೆ ಕಟ್ಟಿಸಿದ ಪುಟ್ಟ ಪ್ರಾರ್ಥನಾಮಂದಿರ ಎಡಿನ್‌ಬರೋ ಕೋಟೆಯಲ್ಲಿ ಇಂದಿಗೂ ಇದೆ.

ಹೇಳಿ ಸೋದರಿ, ಹಸಿದ ಮಗುವಿಗೊಂದು ತುತ್ತಿಡಲು ರಾಣಿಯೇ ಆಗಬೇಕೆ?